ಹಂಪಿ ಪೂರ್ತಿ ಸುಟ್ಟೋಗಿದ್ರೆ ವಿರೂಪಾಕ್ಷ ಹೇಗೆ ಉಳೀತು? ಸೋಮವಾರಪೇಟೆ ಟೀಚರ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾನು ಸೋಮವಾರಪೇಟೆ ಹತ್ರ ಒಂದು ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಹೋದ ಡಿಸೆಂಬರಲ್ಲಿ 42 ಮಕ್ಕಳನ್ನ ಕರ್ಕೊಂಡು ಹಂಪಿಗೆ ಟೂರ್ ಹೋಗಿದ್ವಿ. ಗೈಡ್ ಹೇಳಿದ್ದು ಹೀಗೆ: ತಾಳಿಕೋಟೆ ಯುದ್ಧ ಆದ್ಮೇಲೆ ಸುಲ್ತಾನರು ಆರು ತಿಂಗಳು ಇಲ್ಲೇ ಕೂತು ಊರನ್ನೆಲ್ಲ ಸುಟ್ಟು ಪುಡಿ ಮಾಡಿದ್ರು, ಅರಮನೆ ಒಂದೂ ಬಿಡ್ಲಿಲ್ಲ, ಕಲ್ಲಿನ ರಥ ಒಂದೇ ಬಂಡೇಲಿ ಕೆತ್ತಿದ್ದು, ಸಂಗೀತದ ಕಂಬಗಳು ಒಳಗಡೆ ಟೊಳ್ಳು ಅಂತೆಲ್ಲ. ಎಂಟನೇ ಕ್ಲಾಸ್ ಹುಡುಗಿ ಒಬ್ಳು ಕೈ ಎತ್ತಿ, "ಎಲ್ಲಾ ಸುಟ್ರೆ ವಿರೂಪಾಕ್ಷ ದೇವಸ್ಥಾನ ಯಾಕೆ ಹಾಗೇ ಇದೆ? ಕಮಲ ಮಹಲು, ಆನೆ ಲಾಯ ಮಸೀದಿ ಥರ ಇದ್ಯಲ್ಲ, ಅದನ್ನ ಕಟ್ಟಿದ್ದು ಯಾರು?" ಅಂತ ಕೇಳಿದ್ಲು. ಗೈಡ್ ನಕ್ಕು ಮುಂದೆ ಹೋದ್ರು, ನನಗೂ ಉತ್ತರ ಗೊತ್ತಿರ್ಲಿಲ್ಲ. ವಾಪಸ್ ಬಂದ್ಮೇಲೆ ಸ್ಟಾಫ್ ರೂಮಲ್ಲಿ ಇದೇ ವಿಷ್ಯಕ್ಕೆ ಮಾತಿಗೆ ಮಾತು ಬೆಳೆದು ಇಬ್ಬರು ಮೇಷ್ಟ್ರು ಈಗ ಮಾತಾಡ್ತಿಲ್ಲ. ಈ ವರ್ಷ ಮತ್ತೆ ಕರ್ಕೊಂಡು ಹೋಗ್ಬೇಕು. ಮಕ್ಕಳಿಗೆ ಏನು ಹೇಳ್ಲಿ?

ಉತ್ತರ: ಮೇಡಂ, ಮೊದಲು ಆ ಹುಡುಗಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್ ಹೇಳಿ. ಹಂಪಿ ಬಗ್ಗೆ ಕೇಳ್ಬೇಕಾದ ಎರಡು ಪ್ರಶ್ನೇನ ಅವಳು ಒಂದೇ ಉಸಿರಲ್ಲಿ ಕೇಳಿದಾಳೆ. ನಾನು ಹಳೇ ಕಟ್ಟಡ ಸಂರಕ್ಷಣೆ ಕೆಲಸದವನು, ಹಂಪಿ ಕಮಲಾಪುರ ಕಡೆ ವರ್ಷಗಟ್ಟಲೆ ಮಣ್ಣು ಕಲ್ಲು ಮಧ್ಯೆ ಓಡಾಡಿ ಈಗ ಮಡಿಕೇರಿಲಿ ಕೂತಿದೀನಿ, ನನಗೂ ಶುರುವಲ್ಲಿ ಈ ಪ್ರಶ್ನೆ ಹೊಳೆದಿರ್ಲಿಲ್ಲ. ನಿಮ್ಮ ಪತ್ರ ಓದಿದ್ರೆ ನಿಮಗೆ ಇಸವಿ ಹೆಸರು ಗೊತ್ತಿಲ್ಲ ಅನ್ನೋ ಚಿಂತೆ ಇಲ್ಲ, ಮಕ್ಕಳ ಮುಂದೆ ತಪ್ಪು ಹೇಳ್ಬಿಟ್ರೆ, ಅಥ್ವಾ ಸರಿ ಹೇಳಿದ್ರೂ ಯಾರೋ ಒಬ್ರು "ನೀವು ಆ ಕಡೆಯವ್ರಾ ಈ ಕಡೆಯವ್ರಾ" ಅಂತ ಕೇಳಿದ್ರೆ ಅನ್ನೋ ಅಳುಕು ಇದೆ. ಇರ್ಲಿ, ಕಲ್ಲಿಂದ ಶುರು ಮಾಡೋಣ, ಕಲ್ಲಿಗೆ ಕಡೆ ಇಲ್ಲ.

ಹಂಪಿ ಅರಮನೆ ಎಲ್ಲಿ ಹೋಯ್ತು ಅಂತ ತಿಳ್ಕೊಳೋಕೆ ಕಕ್ಕಬ್ಬೆ ಹತ್ರ ಇರೋ ನಾಲ್ಕುನಾಡು ಅರಮನೆಗೆ ಹೋಗಿ ನೋಡಿ. 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಮರದ ಕಂಬ, ಮರದ ತೊಲೆ, ಮಣ್ಣಿನ ಗೋಡೆ, ಮೇಲೆ ಹೆಂಚು. ಈಗ ಒಂದು ಲೆಕ್ಕ ಹಾಕಿ, ಅದನ್ನ ಯಾರೂ ನೋಡ್ಕೊಳ್ದೆ ಬಿಟ್ರೆ ಏನಾಗುತ್ತೆ? ಮೊದಲ ಮಳೆಗಾಲದಲ್ಲಿ ನಾಲ್ಕು ಹೆಂಚು ಜಾರುತ್ತೆ, ಮೂರನೇ ವರ್ಷ ತೊಲೆಗೆ ಗೆದ್ದಲು, ಹತ್ತನೇ ವರ್ಷ ಸೂರು ಕೂರುತ್ತೆ, ಸೂರು ಹೋದ್ಮೇಲೆ ಮಣ್ಣಿನ ಗೋಡೆ ಒಂದು ಆಟಿ (ಆಷಾಢ) ಮಳೆಗೂ ನಿಲ್ಲಲ್ಲ. ಕೊನೆಗೆ ಉಳಿಯೋದು ಕಲ್ಲಿನ ಮೆಟ್ಟಿಲು, ಕಂಬ ಕೂರಿಸೋ ಕಲ್ಲು, ಸುತ್ತ ಒಂದು ಜಗಲಿ. ನಿಮ್ಮೂರ ಕಡೆ ಯಾವ್ದಾದ್ರೂ ಪಾಳು ಬಿದ್ದ ಐನ್‌ಮನೆ (ಕೊಡವರ ಹಿರೀಕರ ಮನೆ) ನೋಡಿದ್ರೆ ಇದು ಹೇಳೋದೇ ಬೇಡ. ನಾನೂರು ವರ್ಷ ಬಿಟ್ಟು ಬಂದವ್ರು ಆ ಮೆಟ್ಟಿಲು ನೋಡಿ "ಇಲ್ಲಿ ಅರಮನೇನೇ ಇರ್ಲಿಲ್ಲ" ಅಂದ್ರೂ ಅಂದಾರು.

ಹಂಪೀಲಿ ಆಗಿದ್ದೂ ಇದೇ. ದೇವರಿಗೆ ಕಲ್ಲಿನ ಮನೆ, ಮನುಷ್ಯರಿಗೆ, ರಾಜನಿಗೂ ಸೇರಿ, ಮರ ಇಟ್ಟಿಗೆ ಗಾರೆ ಮಣ್ಣಿನ ಮನೆ. 1520ರ ಆಸುಪಾಸಲ್ಲಿ ಕೃಷ್ಣದೇವರಾಯನ ಅರಮನೆ ಒಳಗೆ ಹೋಗಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಿಸ್, ಮೇಲಿಂದ ಕೆಳಗಿನ ತನಕ ಆನೆ ದಂತದ ಒಂದು ಕೋಣೆ ನೋಡಿದೆ, ಕಂಬದ ತಲೆ ಮೇಲೆ ದಂತದಲ್ಲೇ ಕೆತ್ತಿದ ಗುಲಾಬಿ ತಾವರೆ ಇತ್ತು ಅಂತ ಬರೀತಾನೆ. ದಂತ, ಮರ, ಬಟ್ಟೆ, ಬಣ್ಣ ಇದ್ಯಾವ್ದೂ ಬಯಲಲ್ಲಿ ನಾನೂರೈವತ್ತು ವರ್ಷ ಇರೋ ಸಾಮಾನಲ್ಲ. ಈಗ ಮಹಾನವಮಿ ದಿಬ್ಬ ಹತ್ತಿದ್ರೆ ಮೇಲೆ ಬರೀ ಬಯಲು, ಮಕ್ಕಳು ಅದನ್ನ ಸ್ಟೇಜ್ ಅಂದ್ಕೋತಾರೆ, ಆದ್ರೆ ಅದು ಬರೀ ಪಾಯ, ಅದರ ಮೇಲೆ ಮರದ ಕಂಬಗಳ ಮಂಟಪ ಇತ್ತು. ಶ್ರೀಮಂತರ ಬೀದಿ ಅಂತ ಅಗೆದು ತೆಗೆದಿರೋ ಜಾಗದಲ್ಲೂ ಅಷ್ಟೇ, ಸೊಂಟದೆತ್ತರದ ಕಲ್ಲಿನ ಜಗತಿ (ಕಟ್ಟಡ ಕೂರಿಸೋ ಕಟ್ಟೆ), ಮೆಟ್ಟಿಲು, ಕಂಬದ ಗುಳಿ, ಮೇಲೆ ಆಕಾಶ.

ಹಾಗಂತ ಬೆಂಕಿ ಸುಳ್ಳಲ್ಲ ಮತ್ತೆ. ಅಗೆದ ಕಡೆ ಅರಮನೆ ನೆಲದ ಮೇಲೆ ಇದ್ದಿಲು ಸಿಕ್ಕಿದೆ, ಶಾಖಕ್ಕೆ ಬಿರಿದ ಕಲ್ಲು ಸಿಕ್ಕಿದೆ. ಬೆಂಕಿ ತಿಂದ ಗ್ರಾನೈಟ್‌ನ ಒಂದ್ಸಲ ನೋಡಿದ್ರೆ ಮರೆಯಲ್ಲ. ತೋಟದಲ್ಲಿ ದೊಡ್ಡ ಬಂಡೆ ಒಡೆಯೋಕೆ ಹಿಂದೆ ಮೇಲೆ ಸೌದೆ ಪೇರಿಸಿ ರಾತ್ರಿಯಿಡೀ ಉರಿಸ್ತಿದ್ರಲ್ಲ, ಬೆಳಿಗ್ಗೆ ಬಂಡೆ ಮೇಲ್ಮೈ ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಎದ್ದು ಬರ್ತಿತ್ತು, ಅದೇ ಗುರುತು ಅಲ್ಲಿನ ಕೆಲವು ಜಗತಿ ಕಲ್ಲಿನ ಮೇಲೂ ಇದೆ. ಮೇಲಿದ್ದ ಮರದ ಕಟ್ಟಡ ಹೊತ್ತಿ ಉರಿದು ಕೆಳಗೆ ಕುಸಿದಿದೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಈಗ ಆರು ತಿಂಗಳ ಕಥೆ. ಇಲ್ಲಿ ನಿಮ್ಮ ಗೈಡ್ ಪೂರ್ತಿ ತಪ್ಪು ಹೇಳಿಲ್ಲ, ಅರ್ಧ ಹೇಳಿದಾರೆ ಅಷ್ಟೇ. ಯುದ್ಧ ನಡೆದಿದ್ದು 1565ರ ಜನವರಿ 23ಕ್ಕೆ, ಹಂಪಿಲಲ್ಲ, ದೂರ ಕೃಷ್ಣಾ ನದಿ ಕಡೆ, ರಕ್ಕಸಗಿ ತಂಗಡಗಿ ಅನ್ನೋ ಹಳ್ಳಿಗಳ ಹೆಸರಲ್ಲೂ ಆ ಯುದ್ಧಾನ ಕರೀತಾರೆ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್ ನಾಲ್ಕೂ ಒಟ್ಟಾಗಿ ಬಂದ್ರು, ವಿಜಯನಗರದ ಆಡಳಿತ ಕೈಲಿಟ್ಕೊಂಡಿದ್ದ ಅಳಿಯ ರಾಮರಾಯನ ತಲೆ ಹೋಯ್ತು, ಸೈನ್ಯ ಚದುರಿಹೋಯ್ತು. ಸುದ್ದಿ ಊರಿಗೆ ತಲುಪಿದ್ದೇ ತಡ ರಾಮರಾಯನ ತಮ್ಮ ತಿರುಮಲ, ಹೆಸರಿಗೆ ರಾಜ ಆಗಿದ್ದ ಸದಾಶಿವರಾಯನ್ನೂ ಖಜಾನೆನೂ ಆನೆಗಳ ಮೇಲೆ ಹೇರ್ಕೊಂಡು ಪೆನುಕೊಂಡೆಗೆ ಹೊರಟುಬಿಟ್ಟ. ಅಂದ್ರೆ ಏಳು ಸುತ್ತಿನ ಕೋಟೆ ಅಂತ 1443ರಲ್ಲಿ ಪರ್ಷಿಯಾದ ಅಬ್ದುರ್ ರಜಾಕ್ ಬಾಯಿ ಬಿಟ್ಕೊಂಡು ನೋಡಿದ್ದ ಊರಲ್ಲಿ, ಬೇಕಾದ ದಿನ ಕಾಯೋಕೆ ಒಬ್ಬ ಸೇನಾಪತಿ ಇರ್ಲಿಲ್ಲ. ನನಗೆ ಇಡೀ ಕಥೇಲಿ ಹೊಟ್ಟೆ ಉರಿಸೋದು ಇದೇ ಭಾಗ, ಆದ್ರೆ ಟೂರಲ್ಲಿ ಯಾರೂ ಹೇಳಲ್ಲ.

ಎರಡು ವರ್ಷ ಆದ್ಮೇಲೆ, 1567ರಲ್ಲಿ, ಸೀಸರ್ ಫೆಡರಿಚಿ ಅಂತ ಇಟಲಿಯ ಒಬ್ಬ ವ್ಯಾಪಾರಿ ಅಲ್ಲಿಗೆ ಬಂದು ಏಳು ತಿಂಗಳು ಇದ್ದ. ಆರು ತಿಂಗಳು ಸೈನ್ಯ ಕೂತು ಬಚ್ಚಿಟ್ಟ ಹಣಕ್ಕೆ ಮನೆ ಮನೆ ಅಗೆದ್ರು ಅಂತ ಹೇಳೋನು ಅವನೇ. ಆದ್ರೆ ಅವನೇ ಇನ್ನೊಂದು ಮಾತೂ ಹೇಳ್ತಾನೆ: ಊರು ಪೂರ್ತಿ ನಾಶ ಆಗಿಲ್ಲ, ಮನೆಗಳು ಇನ್ನೂ ನಿಂತಿವೆ, ಖಾಲಿ ಇವೆ, ಒಳಗೆ ಹುಲಿ ಕಾಡುಪ್ರಾಣಿ ಸೇರ್ಕೊಂಡಿವೆಯಂತೆ ಅಂತ. ನಮ್ಮ ಕಥೆಗಳಲ್ಲಿ ಮೊದಲನೇ ಮಾತು ಉಳೀತು, ಎರಡನೇದು ಬಿದ್ದುಹೋಯ್ತು. 1900ರಲ್ಲಿ ರಾಬರ್ಟ್ ಸೆವೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ವಿಜಯನಗರದ ಚರಿತ್ರೆ ಬರೆದಾಗ ಬೆಂಕಿ ಕತ್ತಿ ಹಾರೆ ಕೊಡ್ಲಿ ಅಂತ ನಾಶದ ವರ್ಣನೆ ಬಲು ಜೋರಾಗಿ ಬರೆದ, ಆಮೇಲೆ ಬಂದ ಪಾಠಪುಸ್ತಕ, ನಾಟಕ, ಗೈಡುಗಳ ಬಾಯಿ ಎಲ್ಲಾ ಕಡೆ ಅದೇ ವರ್ಣನೆ.

ಮನೆ ನಿಂತಿದ್ರೆ ಜನ ಯಾಕೆ ವಾಪಸ್ ಬರ್ಲಿಲ್ಲ? ನನ್ನ ಪ್ರಕಾರ ಹಂಪಿಯ ನಿಜವಾದ ಪ್ರಶ್ನೆ ಇದು. ತಿರುಮಲ ವಾಪಸ್ ಬಂದು ಊರು ತುಂಬ್ಸೋಕೆ ನೋಡ್ದ, ಆಗ್ಲಿಲ್ಲ, ಮತ್ತೆ ಪೆನುಕೊಂಡೆಗೇ ಹೋದ, ಆಮೇಲೆ ಆ ಮನೆತನ ಚಂದ್ರಗಿರಿ, ವೆಲ್ಲೂರು ಅಂತ ದಕ್ಷಿಣಕ್ಕೇ ಸರೀತು. ರಾಜಧಾನಿ ಅನ್ನೋದು ತನ್ನ ನೆಲದ ಬೆಳೇಲಿ ಬದುಕೋ ಊರಲ್ಲ ಮೇಡಂ. ನಮ್ಮ ಭಾಗಮಂಡಲದಲ್ಲಿ ಒಂದು ಜುಲೈ ತಿಂಗಳಲ್ಲಿ ಬೀಳೋ ಮಳೆ ಅಲ್ಲಿ ಇಡೀ ವರ್ಷಕ್ಕೆ ಬೀಳಲ್ಲ. ದೂರದ ನಾಡುಗಳಿಂದ ಕಂದಾಯ ಬರ್ಬೇಕು, ಕರಾವಳಿಯಿಂದ ಕುದುರೆ ಬರ್ಬೇಕು, ಆ ಕುದುರೆ ಕೊಳ್ಳೋ ರಾಜ ಅಲ್ಲಿರ್ಬೇಕು, ರಾಜ ಇದ್ರೆ ನಾಯಕರು, ನಾಯಕರಿದ್ರೆ ಅವರ ಪಡೆ, ಪಡೆ ಇದ್ರೆ ಬಜಾರು, ಬಜಾರಿದ್ರೆ ನೇಕಾರ, ಅಕ್ಕಸಾಲಿ, ಹೂ ಮಾರೋಳು. ಮೊದಲನೇ ಕೊಂಡಿ ಕಳಚಿದ್ರೆ ಹೂ ಮಾರೋಳು ಯಾರನ್ನ ನಂಬ್ಕೊಂಡು ಕೂರ್ತಾಳೆ?

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಮಡಿಕೇರಿನೇ. 1834ರಲ್ಲಿ ಚಿಕ್ಕವೀರರಾಜೇಂದ್ರನ್ನ ಇಳಿಸಿದ್ರು, ರಾಜ್ಯ ಹೋಯ್ತು, ಆದ್ರೆ ಊರು ಪಾಳು ಬೀಳ್ಲಿಲ್ಲ, ಯಾಕಂದ್ರೆ ಬ್ರಿಟಿಷರು ಅಲ್ಲೇ ಕೂತ್ರು, ಕೋಟೆ ಅರಮನೆ ಸರ್ಕಾರಿ ಕಚೇರಿ ಆಯ್ತು, ಅರ್ಜಿ ಹಿಡ್ಕೊಂಡು ಜನ ಬರ್ತಾನೇ ಇದ್ರು. ಹಂಪಿ ಅರಮನೆಗೆ ಅರ್ಜಿ ಹಿಡ್ಕೊಂಡು ಬರೋರು ನಿಂತುಹೋದ್ರು. ಹಾಗಂತ ಅಲ್ಲಿ ರೈತರೇನೂ ಓಡಿಹೋಗ್ಲಿಲ್ಲ. ವಿಜಯನಗರದ ಕಾಲದ ತುರ್ತಾ ಕಾಲುವೆ ಇವತ್ತಿಗೂ ಹರೀತಿದೆ, ಕೋಟೆ ಗೋಡೆ ಪಕ್ಕದಲ್ಲೇ ಬಾಳೆ ತೋಟ ನೋಡಿರ್ತೀರಿ, ಅದು ಆ ನೀರೇ. ಆನೆಗೊಂದಿ ಇತ್ತು, ಕಮಲಾಪುರ ಇತ್ತು. ಪಾಳು ಬಿದ್ದಿದ್ದು ರಾಜಧಾನಿ, ಸೀಮೆ ಅಲ್ಲ.

ವಿರೂಪಾಕ್ಷದ ಪ್ರಶ್ನೆ ಇಲ್ಲಿಗೇ ಬಂದು ಸೇರುತ್ತೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದ ನೆನಪಿಗೆ 1510ರಲ್ಲಿ ರಂಗಮಂಟಪ ಕಟ್ಟಿಸಿದಾನೆ, ಆದ್ರೆ ದೇವರು ಅವನಿಗಿಂತ, ಆ ಸಾಮ್ರಾಜ್ಯಕ್ಕಿಂತ ಹಳಬ. ಊರು ಹುಟ್ಟೋಕೆ ಮುಂಚೆನೂ ಅಲ್ಲಿ ಪಂಪಾ ವಿರೂಪಾಕ್ಷರ ಪೂಜೆ ಇತ್ತು, ಊರು ಹೋದ್ಮೇಲೂ ಸುತ್ತಲಿನ ಜನ ಬರೋದು ಬಿಡ್ಲಿಲ್ಲ. ಪೂಜೆ ಇದ್ದ ಕಡೆ ಸೂರು ಸೋರಿದ್ರೆ ಯಾರಾದ್ರೂ ಹತ್ತಿ ಸರಿ ಮಾಡ್ತಾರೆ, ಗೋಪುರವನ್ನ 19ನೇ ಶತಮಾನದ ಶುರುವಲ್ಲಿ ದೊಡ್ಡದಾಗಿ ರಿಪೇರಿ ಮಾಡಿದಾರೆ. ವಿಠ್ಠಲ, ಕೃಷ್ಣ ದೇವಸ್ಥಾನಗಳು ಆಸ್ಥಾನದ ಕಾಣಿಕೆ ಮೇಲೆ ನಡೀತಿದ್ದವು, ಆಸ್ಥಾನ ಹೋದ್ಮೇಲೆ ಹತ್ತಿ ನೋಡೋರಿಲ್ಲ. ಕೆಲವು ವಿದ್ವಾಂಸರು ಇನ್ನೊಂದು ಮಾತೂ ಹೇಳ್ತಾರೆ, ಕೊನೇ ಕಾಲದ ಅರಸರಿಗೆ ಹತ್ತಿರವಾಗಿದ್ದ ವೈಷ್ಣವ ಗುಡಿಗಳನ್ನೇ ಹುಡುಕಿ ಹೊಡೆದಿರ್ಬೇಕು ಅಂತ. ಇರ್ಬಹುದು, ಎರಡೂ ಸೇರಿದ್ರೂ ಸೇರಿರ್ಬಹುದು. ಆದ್ರೆ ಒಂದು ಎಚ್ಚರ: ಹಂಪೀಲಿ ಮುರಿದ ಕಲ್ಲೆಲ್ಲಾ 1565ರದ್ದಲ್ಲ. ನಿಧಿ ಹುಡುಕೋರು ಗರ್ಭಗುಡಿ ನೆಲ ಅಗೀತಾನೇ ಬಂದಿದಾರೆ, ಆಲ ಅರಳಿ ಬೇರು ತೊಲೆ ಸಂದಿಗೆ ನುಗ್ಗಿ ಎತ್ತಿ ಹಾಕಿದೆ, 2024ರ ಮೇ ತಿಂಗಳಲ್ಲಿ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗ ಮಳೆಗೆ ಬಿತ್ತಲ್ಲ, ಅದಕ್ಕೆ ಯಾವ ಸುಲ್ತಾನನ್ನ ಹುಡುಕೋಣ?

ಇನ್ನು ಕಮಲ ಮಹಲು. ಅದನ್ನ ಕಟ್ಟಿಸಿದ್ದು ವಿಜಯನಗರದವರೇ, ಆನೆ ಲಾಯದ 11 ಕೋಣೆ ಗುಮ್ಮಟನೂ ಅವರದ್ದೇ, ರಾಣಿ ಸ್ನಾನದ ಮನೆನೂ ಅವರದ್ದೇ. (ಹೆಸರುಗಳನ್ನ ನಂಬ್ಬೇಡಿ, ಕಮಲ ಮಹಲ್ ಅನ್ನೋ ಹೆಸರೇ ಬ್ರಿಟಿಷರ ಕಾಲದ್ದು, 1800ರ ಸುಮಾರಿಗೆ ಹಂಪಿ ಸರ್ವೇ ಮಾಡಿದ ಕಾಲಿನ್ ಮೆಕೆಂಜಿ ಅದನ್ನ ಮಂತ್ರಾಲೋಚನೆ ಸಭೆ ಅಂದ್ಕೊಂಡಿದ್ದ.) ಮಕ್ಕಳನ್ನ ಅದರ ಮುಂದೆ ನಿಲ್ಲಿಸಿ ಕೈಯಲ್ಲಿ ಮಧ್ಯಕ್ಕೆ ಒಂದು ಗೆರೆ ಹಿಡಿಯೋಕೆ ಹೇಳಿ. ಗೆರೆ ಕೆಳಗೆ ಅಲೆ ಅಲೆ ಕಮಾನು, ಇಟ್ಟಿಗೆ ಗಾರೆ, ಬಿಜಾಪುರ ಗುಲ್ಬರ್ಗ ಕಡೆ ಕೈಚಳಕ. ಗೆರೆ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರೋ ಶಿಖರ, ನಮ್ಮ ದೇವಸ್ಥಾನದ್ದು. ಅದು ಮಸೀದಿನೂ ಅಲ್ಲ ಗುಡಿನೂ ಅಲ್ಲ, ಆ ಕಾಲದ ಆಸ್ಥಾನದ ಫ್ಯಾಷನ್. ರಾಜರು ತಲೆಗೆ ಹಾಕೋ ಉದ್ದ ಟೋಪಿ ಕುಲ್ಲಾಯಿ, ಮೈಗೆ ಹಾಕೋ ಕಬಾಯಿ, ಎರಡೂ ಪರ್ಷಿಯಾ ಅರಬ್ಬಿ ಕಡೆಯಿಂದ ಬಂದ ಉಡುಪೇ, ಅವರ ಬಿರುದೇ "ಹಿಂದೂರಾಯ ಸುರತ್ರಾಣ", ಸುರತ್ರಾಣ ಅಂದ್ರೆ ಸುಲ್ತಾನ ಅನ್ನೋದರ ಸಂಸ್ಕೃತ ವೇಷ.

ಇದಕ್ಕೆ ಜೋಡಿ ಇನ್ನೊಂದಿದೆ, ಅದನ್ನ ಗೈಡುಗಳು ತೋರ್ಸೋದು ಕಮ್ಮಿ. ಎರಡನೇ ದೇವರಾಯನ ಕೈಕೆಳಗಿನ ಅಹ್ಮದ್ ಖಾನ್ ಅನ್ನೋ ಅಧಿಕಾರಿ 1439ರಲ್ಲಿ ಒಂದು ಮಸೀದಿ, ಒಂದು ಬಾವಿ ಮಾಡಿಸ್ದ. ನೋಡೋಕೆ ಅದು ಥೇಟ್ ನಮ್ಮ ಗುಡಿ ಮುಂದಿನ ಕಂಬದ ಮಂಟಪ, ಕಮಾನೂ ಇಲ್ಲ, ಗುಮ್ಮಟನೂ ಇಲ್ಲ, ಶಾಸನದಲ್ಲಿ ಅದನ್ನ ಕರೆದಿರೋದು ಧರ್ಮಸಾಲೆ ಅಂತ. ಅಂದ್ರೆ ಹಿಂದೂ ರಾಜ ಗುಮ್ಮಟ ಕಟ್ಟಿಸ್ತಾನೆ, ಮುಸ್ಲಿಂ ಅಧಿಕಾರಿ ಮಂಟಪ ಕಟ್ಟಿಸ್ತಾನೆ!

ದೂರ ಯಾಕೆ ಹೋಗ್ಬೇಕು, ಮಡಿಕೇರಿ ಓಂಕಾರೇಶ್ವರ ನೋಡಿ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ಮಧ್ಯ ಗುಮ್ಮಟ, ನಾಲ್ಕು ಮೂಲೇಲಿ ಮಿನಾರಿನ ಥರ ಗೋಪುರ, ಒಳಗೆ ಶಿವಲಿಂಗ. ಹೊರಗಿಂದ ಬಂದ ಟೂರಿಸ್ಟ್‌ಗಳು ದರ್ಗಾ ಅಂದ್ಕೊಂಡು ಚಪ್ಪಲಿ ಬಿಡೋದಾ ಬೇಡ್ವಾ ಅಂತ ನನ್ನನ್ನೇ ಎಷ್ಟೋ ಸಲ ಕೇಳಿದಾರೆ. ಮಡಿಕೇರಿ ಗದ್ದಿಗೇಲಿ, ಅಂದ್ರೆ ಕೊಡಗಿನ ರಾಜರ ಸಮಾಧೀಲಿ, ಮಲಗಿರೋ ರಾಜರು ಲಿಂಗಾಯತರು, ಮೇಲಿರೋದು ಗುಮ್ಮಟ. ಕೊಡಗು ಆಳಿದ ಆ ಹಾಲೇರಿ ಅರಸರು ಇಕ್ಕೇರಿ ಮನೆತನದಿಂದ ಬಂದವರು, ಇಕ್ಕೇರಿಯವರು ವಿಜಯನಗರದ ನಾಯಕರು, ಹಾಗಾಗಿ ಆ ಫ್ಯಾಷನ್ನಿನ ಬಾಲ ನಮ್ಮೂರ ತನಕ ಬಂದಿದೆ ಅಂದ್ಕೊಂಡ್ರೆ ತಪ್ಪೇನಿಲ್ಲ.

ರಥ, ಕಂಬದ್ದು ಬೇಗ ಮುಗಿಸ್ತೀನಿ. 50 ರೂಪಾಯಿ ನೋಟಲ್ಲಿರೋ ಕಲ್ಲಿನ ರಥ ಒಂದೇ ಬಂಡೆ ಅಲ್ಲ, ಹಲವು ಗ್ರಾನೈಟ್ ತುಂಡು ಕೂಡಿಸಿದ್ದು, ಬೆಸುಗೆ ಗೆರೆ ಕೆತ್ತನೆ ಒಳಗೆ ಮುಚ್ಚಿಹೋಗೋ ಹಾಗೆ ಕೂಡಿಸಿದಾರೆ, ನನಗೆ ಕೇಳಿದ್ರೆ ಇದು ಒಂದೇ ಬಂಡೆಗಿಂತ ದೊಡ್ಡ ಕಸುಬು. ಅದು ಗರುಡನ ಗುಡಿ, ಮೇಲೆ ಇಟ್ಟಿಗೆ ಶಿಖರ ಇತ್ತು, 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ಕಾಣುತ್ತೆ. ಮುಂದೆ ಇರೋ ಎರಡು ಆನೆ ಆಮೇಲೆ ತಂದಿಟ್ಟಿದ್ದು, ಬಗ್ಗಿ ಆನೆ ಹಿಂದೆ ನೋಡಿದ್ರೆ ಮೊದಲಿದ್ದ ಕುದುರೆಗಳ ಬಾಲ, ಹಿಂಗಾಲು ಇನ್ನೂ ಇದೆ. ಸಂಗೀತದ ಕಂಬ ಟೊಳ್ಳಲ್ಲ, ಗಟ್ಟಿ ಕಲ್ಲು, ತೆಳ್ಳಗೆ ಉದ್ದಕ್ಕೆ ಬಿಡಿಸಿರೋದ್ರಿಂದ ತಟ್ಟಿದ್ರೆ ಅದುರಿ ನಾದ ಬರುತ್ತೆ, ದಪ್ಪ ಉದ್ದ ಬದಲಾದ್ರೆ ಸ್ವರ ಬದಲಾಗುತ್ತೆ. ತಟ್ಟೋಕೆ ಈಗ ಬಿಡಲ್ಲ, ಬಿಡ್ಲೂಬಾರ್ದು.

ಇನ್ನು ಏನು ಹೇಳ್ಲಿ ಅಂದ್ರಲ್ಲ. ಗೈಡ್ ಕಥೆನೇ ಹೇಳ್ಬಹುದು, ಮಕ್ಕಳಿಗೆ ರೋಮಾಂಚನ ಆಗುತ್ತೆ, ಆದ್ರೆ ಮುಂದಿನ ವರ್ಷನೂ ಒಬ್ಳು ಕೈ ಎತ್ತುತಾಳೆ, ಅದಕ್ಕಿಂತ ಹೆಚ್ಚಾಗಿ ಅದೇ ಬಸ್ಸಲ್ಲಿ ಕೂತಿರೋ ಮುಸ್ಲಿಂ ಹುಡುಗನ ಕಡೆ ನಾಲ್ಕು ಜನ ತಿರುಗಿ ನೋಡ್ತಾರೆ, ಅವನು ಏನು ಮಾಡಿದ್ದ ಪಾಪ. ಇದಕ್ಕೆ ಹೆದರಿ ಕೆಲವರು ಉಲ್ಟಾ ಹೊಡೀತಾರೆ, ಅದೆಲ್ಲ ಬರೀ ರಾಜಕೀಯ, ಧರ್ಮಕ್ಕೂ ಅದಕ್ಕೂ ಸಂಬಂಧನೇ ಇಲ್ಲ, ಯಾರೂ ಏನೂ ಒಡೀಲಿಲ್ಲ ಅಂತ. ಅದೂ ನಡೆಯಲ್ಲ. ಹಂಪೀಲಿ 1528ರಲ್ಲಿ ಕೆತ್ತಿದ ಆ ದೊಡ್ಡ ನರಸಿಂಹ ವಿಗ್ರಹದ ಮುಂದೆ ನಿಂತು, ತೊಡೆ ಮೇಲಿದ್ದ ಲಕ್ಷ್ಮಿ ಇಲ್ಲ, ಅವನ ಬೆನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ ಅನ್ನೋದನ್ನ ಕಂಡ ಮಗುಗೆ ನೀವು ಏನೋ ಮುಚ್ಚಿಡ್ತಿದೀರ ಅಂತ ತಕ್ಷಣ ಗೊತ್ತಾಗುತ್ತೆ.

ನಾನಾದ್ರೆ ಇಬ್ಬರು ಮನುಷ್ಯರ ಕಥೆ ಹೇಳ್ತೀನಿ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಪಟ್ಟಕ್ಕೆ ಬರೋ ಮುಂಚೆ ಮನೆಯವರ ಕಾಟಕ್ಕೆ ತಪ್ಪಿಸ್ಕೊಂಡು ವರ್ಷಗಟ್ಟಲೆ ರಾಮರಾಯನ ಆಶ್ರಯದಲ್ಲಿ, ಇದೇ ವಿಜಯನಗರದಲ್ಲಿ ಇದ್ದ. ಬಿಜಾಪುರದ ಅಲಿ ಆದಿಲ್ ಶಾಹ ರಾಮರಾಯನ ಜೊತೆ ಸೇರ್ಕೊಂಡು ಅಹಮದ್‌ನಗರದ ಮೇಲೆ ಯುದ್ಧಕ್ಕೆ ಹೋಗಿದ್ದ. ಮುಂದೆ ಅದೇ ಅಲಿ, ಅದೇ ಅಹಮದ್‌ನಗರದ ರಾಜಕುಮಾರಿ ಚಾಂದ್ ಬೀಬಿನ ಮದುವೆಯಾಗಿ, ಅಲ್ಲಿಯ ಮಾವನ ಜೊತೆ ಸೇರಿ ರಾಮರಾಯನ ಮೇಲೆ ಬಂದ, ಇಬ್ರಾಹಿಮನೂ ಜೊತೆಗಿದ್ದ. ಗೆದ್ದ ಮೇಲೆ ಧರ್ಮದ ಮಾತೂ ಆಡಿದ್ರು, ಗುಡಿನೂ ಒಡೆದ್ರು, ಲೂಟಿನೂ ಮಾಡಿದ್ರು. ಇಷ್ಟನ್ನೂ ಇದ್ದ ಹಾಗೇ ಹೇಳಿ, ಎಂಟನೇ ಕ್ಲಾಸಿನವರಿಗೆ ಇದು ಅರ್ಥ ಆಗುತ್ತೆ, ಅವರ ಕ್ಲಾಸಲ್ಲೇ ವಾರಕ್ಕೊಂದು ಗುಂಪು ಬದಲಾಗಲ್ವಾ. ಇದರಲ್ಲೂ ಅಪಾಯ ಇಲ್ಲ ಅಂತಲ್ಲ: ಟೈಮ್ ಹಿಡಿಯುತ್ತೆ, ಯಾರೋ ಒಬ್ರು ಪೇರೆಂಟ್ ಫೋನ್ ಮಾಡ್ತಾರೆ, ಪರೀಕ್ಷೆಗೆ ಬೇಕಾಗಿರೋದು ಎರಡು ವಾಕ್ಯ ಮಾತ್ರ. ಪರೀಕ್ಷೆಗೆ ಪುಸ್ತಕದಲ್ಲಿರೋದೇ ಬರೀರಿ ಅಂತ ಹೇಳ್ಬಿಡಿ. ಫೋನ್ ಮಾಡಿದವ್ರಿಗೆ ಓಂಕಾರೇಶ್ವರದ ಗುಮ್ಮಟ ತೋರ್ಸಿ, ವಾದ ಬೇಡ.

ಇನ್ನೊಂದು, ಒಂದೇ ದಿನದಲ್ಲಿ ಇಪ್ಪತ್ತು ಜಾಗ ಸುತ್ತಿಸ್ಬೇಡಿ, ರಾತ್ರಿಯಿಡೀ ಬಸ್ಸಲ್ಲಿ ಕೂತು ಬಂದ ಮಕ್ಕಳು ಮಧ್ಯಾಹ್ನ ಆ ಬಿಸಿಲಿಗೆ ಏನೂ ನೋಡಲ್ಲ. ನಾಲ್ಕು ಸಾಕು: ವಿರೂಪಾಕ್ಷ, ಶ್ರೀಮಂತರ ಬೀದಿಯ ಜಗತಿಗಳು, ಕಮಲ ಮಹಲು, ಮಹಾನವಮಿ ದಿಬ್ಬದ ಪಕ್ಕದ ಮೆಟ್ಟಿಲ ಪುಷ್ಕರಣಿ. ಕೊನೇದನ್ನ ಬಿಡ್ಲೇಬೇಡಿ. ಅದು 1980ರ ದಶಕದಲ್ಲಿ ಅಗೆಯೋ ತನಕ ಮಣ್ಣಡೀಲಿತ್ತು, ಹಾಗಾಗಿ ನಿಮ್ಮ ಗೈಡ್‌ಗಿಂತ ಮುಂಚಿನ ತಲೆಮಾರಿನ ಗೈಡ್‌ಗಳಿಗೆ ಅದರ ಬಗ್ಗೆ ಕಥೆ ಕಟ್ಟೋಕೆ ಅವಕಾಶನೇ ಸಿಗ್ಲಿಲ್ಲ! ಕಪ್ಪು ಶಿಸ್ಟ್ ಕಲ್ಲು, ಬ್ಲೇಡ್ ಹಾಕಿ ಕುಯ್ದ ಹಾಗೆ ನೇರ. ನಾನು ಮೊದಲ ಸಲ ಮೆಟ್ಟಿಲ ಹತ್ರ ಕೂತು ಧೂಳು ಒರೆಸಿದಾಗ ಬೆರಳಿಗೆ ಏನೋ ಗೀರು ಸಿಕ್ತು, ಒದ್ದೆ ಬಟ್ಟೇಲಿ ಒರೆಸಿದ್ರೆ ಕನ್ನಡ ಅಕ್ಷರ. ಯಾವ ದಿಕ್ಕು, ಯಾವ ಸಾಲು ಅಂತ ಕಲ್ಲುಕುಟಿಗರು ಹಾಕ್ಕೊಂಡ ಗುರುತು. ಎಲ್ಲೋ ಬೇರೆ ಕಡೆ ಕಲ್ಲು ಕಡಿದು, ಗುರುತು ಹಾಕಿ, ಇಲ್ಲಿ ತಂದು ಜೋಡಿಸಿದಾರೆ.

ಒಳಗೆ ಇಳಿಯೋಕೆ ಬಿಡಲ್ಲ, ನಿಮ್ಮೂರಲ್ಲಿ ಹಕ್ಕಿ ನೋಡೋಕೆ ಬೈನಾಕ್ಯುಲರ್ ಇಟ್ಕೊಂಡಿರೋ ತೋಟದವ್ರು ಯಾರಾದ್ರೂ ಇದ್ದೇ ಇರ್ತಾರೆ, ಒಂದು ಕೇಳಿ ತಗೊಂಡು ಹೋಗಿ. ಮೊದಲು ಅಕ್ಷರ ಹುಡುಕಿದವ್ರಿಗೆ ವಾಪಸ್ ಬರೋವಾಗ ಬಸ್ಸಲ್ಲಿ ಕಿಟಕಿ ಸೀಟು ಅಂತ ಹೇಳಿ. ಮಾತು ಬಿಟ್ಟಿರೋ ಆ ಇಬ್ಬರು ಮೇಷ್ಟ್ರನ್ನೂ ಕರ್ಕೊಂಡು ಹೋಗಿ, ಬೈನಾಕ್ಯುಲರ್ ಮಾತ್ರ ಒಂದೇ ತಗೊಳ್ಳಿ.